ಹೊಳೆಗೆ ಬಿಟ್ಟ ಪುರಾಣ

ಶಿವಗಂಗವ್ವ ಓದು ಕಲಿತದ್ದು ಸಾಲೆಯಲ್ಲಲ್ಲ, ಗಂಡನ ಬೆನ್ನ ಹಿಂದೆ ದೀಪ ಹಿಡಿದು ಕೂತು. ತವರೂರು ಮಳಗಿಯಲ್ಲಿ ಎರಡನೇ ಇಯತ್ತೆಯವರೆಗೆ ಹೋಗಿದ್ದಳು ಎನ್ನುವುದು ಹೆಸರಿಗೆ ಮಾತ್ರ. ತಮ್ಮನನ್ನು ಸೊಂಟದ ಮೇಲೆ ಹೊತ್ತು ಬಾಗಿಲ ಹೊರಗೆ ನಿಂತ ದಿನಗಳೇ ಹೆಚ್ಚು. ಹಳಿಯಾಳದ ಬಗಲಿನ ಬಸರಿಕೊಪ್ಪಕ್ಕೆ ಅಡಿವೆಯ್ಯನ ಹೆಂಡತಿಯಾಗಿ ಬಂದಾಗ ಅವಳಿಗೆ ಅಕ್ಷರಗಳ ಮುಖ ಎಲ್ಲೋ ಕಂಡ ನೆನಪಿತ್ತು, ಹೆಸರು ಮರೆತಿತ್ತು.

ಅಡಿವೆಯ್ಯ ಊರ ಮಠದಲ್ಲಿ ಪುರಾಣ ಓದುವ ಅಯ್ಯ. ಮಠ ಕಟ್ಟಿದ ಅಜ್ಜನ ಪುರಾಣ ಅದು. ದನ ಕಾಯುವವರ ಬೆನ್ನು ಹತ್ತಿ, ಅಡವಿ ಹಾದು, ಹೊಳೆ ದಾಟಿ ಬಂದು ಈ ಊರಲ್ಲಿ ನೆಲೆ ನಿಂತ ಅಜ್ಜ. ಇಪ್ಪತ್ತೇಳು ಸಂಧಿಯ ಪುಸ್ತಕ ಹುಬ್ಬಳ್ಳಿಯ ಒಂದು ಛಾಪಖಾನೆಯಲ್ಲಿ ಎಂದೋ ಅಚ್ಚಾಗಿತ್ತು. ಆ ಛಾಪಖಾನೆಯೂ ಹೋಯಿತು, ಮನೆಮನೆಯ ಪ್ರತಿಗಳನ್ನು ಗೆದ್ದಲು ತಿಂದಿತು. ಉಳಿದದ್ದು ಮಠದ್ದೊಂದೇ. ಶ್ರಾವಣ ಬಂದರೆ ತಿಂಗಳಿಡೀ, ದಿನಕ್ಕೊಂದು ಸಂಧಿಯಂತೆ, ಅದರ ಓದು. ಉಳಿದ ದಿನಗಳಲ್ಲಿ ಯಾರಾದರೂ ಸಾಯುವ ಹಾಸಿಗೆ ಹಿಡಿದರೆ, ತಲೆದೆಸೆಗೆ ಕೂತು ಅವರು ಬೇಡಿದ ಒಂದು ಸಂಧಿಯನ್ನು ಕಿವಿಗೆ ಹಾಕುವುದು ಆ ಊರ ರೂಢಿ. ಸಂಧಿಯನ್ನು ನಡುವೆ ನಿಲ್ಲಿಸುವಂತಿಲ್ಲ. ಕೇಳುವವರ ಉಸಿರು ನಿಂತರೂ ಓದಿ ಮುಗಿಸಿಯೇ ಏಳಬೇಕು.

ಅಡಿವೆಯ್ಯ ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದ. ಹಿಂದೆ ದೀಪ ಹಿಡಿದವಳು ಆ ಬೆರಳನ್ನು ನೋಡುತ್ತಿದ್ದಳು. ಬೆರಳು ಎಲ್ಲಿಗೆ ಬಂದಾಗ ಯಾವ ಮಾತು ಕೇಳುತ್ತದೆ ಎಂದು ಒಂದು ಶ್ರಾವಣದಲ್ಲಿ ಗೊತ್ತಾಯಿತು. ಹತ್ತು ಶ್ರಾವಣಗಳಲ್ಲಿ ಇಡೀ ಪುಸ್ತಕ ಗೊತ್ತಾಯಿತು. ಎಣ್ಣೆ ಬಿದ್ದು ಹಳದಿಯಾದ ಹಾಳೆಯಲ್ಲಿ ಅಜ್ಜ ಹಾವಿನ ಜೊತೆ ಮಾತಾಡುತ್ತಾನೆ. ಮೂಲೆ ಮಡಿಚಿದ ಹಾಳೆಯಲ್ಲಿ, ಎಡಗಡೆ, ಕೆಳಗಿನಿಂದ ಮೂರನೇ ಸಾಲಿಗೆ ಗೌಡನ ಸೊಕ್ಕು ಇಳಿಯುತ್ತದೆ. ಯಾರದೋ ಕುಂಕುಮದ ಕೈ ತಾಗಿದಲ್ಲಿ ಎಲ್ಲರೂ ಹರ ಹರ ಅನ್ನಬೇಕು. ಅವಳಿಗೆ ಅಕ್ಷರಗಳು ಒಂಟೊಂಟಿಯಾಗಿ ಸಿಗುತ್ತಿರಲಿಲ್ಲ. ಊರೊಳಗೆ ಮನೆಗಳು ಸಿಕ್ಕ ಹಾಗೆ, ಪಕ್ಕದ್ದರ ಗುರುತಿನಿಂದ ಮುಂದಿನದು ಸಿಗುತ್ತಿತ್ತು.

ತೊಂಬತ್ತೊಂದನೇ ಇಸವಿಯಲ್ಲಿ ಅಡಿವೆಯ್ಯನ ಗಂಟಲಲ್ಲಿ ಗಡ್ಡೆ ಬಿತ್ತು, ದನಿ ಹೋಯಿತು. ಆ ಶ್ರಾವಣದಲ್ಲಿ ಅವನು ಪುಸ್ತಕವನ್ನು ಹೆಂಡತಿಯ ತೊಡೆಯ ಮೇಲಿಟ್ಟು, ಓದು ಅಂತ ಕೈಸನ್ನೆ ಮಾಡಿದ. ಮಠದ ಹಿರಿಯ ಸೋಮಪ್ಪ ಎದ್ದು ನಿಂತ.

"ಹೆಣ್ಮಗಳು ಪುರಾಣ ಹಚ್ಚಿದ್ರ ಮಳಿ ಹಿಂದ ಸರೀತೈತಿ ಅಂತಾರ್ರೀ ಅಯ್ಯನೋರ."

ಗೋಡೆಗೆ ಆತು ಕೂತಿದ್ದ ಶಿವವ್ವ ಅಲ್ಲಿಂದಲೇ ಕೂಗಿದಳು: "ಹೋದ ವರ್ಷ ಗಂಡಸ ಓದಿದ್ನಲ್ಲೋ ಸೋಮಪ್ಪ, ನಿನ್ನ ಹೊಲಕ್ಕೇನ ಹೊಳಿ ಬಂದಿತ್ತೇನು? ಕೂಡ್ರು, ಕೇಳು."

ಹೆಂಗಸರೆಲ್ಲ ನಕ್ಕರು. ಸೋಮಪ್ಪ ಕೂತ. ಶಿವಗಂಗವ್ವ ಓದಿದಳು. ಮಳೆಯೂ ಆಯಿತು.

ಶಿವವ್ವ ಅವಳ ನೆಗೆಣ್ಣಿ, ಅಡಿವೆಯ್ಯನ ಅಣ್ಣನ ಹೆಂಡತಿ. ಸುಗ್ಗಿಯಲ್ಲಿ ಚಕ್ಕಡಿಯಿಂದ ಬಿದ್ದು ಒಂದು ಕಾಲು ಸೊಟ್ಟಗಾಗಿತ್ತು. ಗಂಡ ವರ್ಷ ತುಂಬುವುದರೊಳಗೆ ದಾಂಡೇಲಿಗೆ ಕೆಲಸಕ್ಕೆಂದು ಹೋದವನು ಅಲ್ಲೇ ಇನ್ನೊಬ್ಬಳ ಜೊತೆ ಮನೆ ಹೂಡಿದ. ಅವನು ಬರೆದ ಒಂದೇ ಒಂದು ಕಾಗದವನ್ನು ಶಿವವ್ವ ನೆಗೆಣ್ಣಿಯ ಕೈಗೆ ಕೊಟ್ಟು, "ಏನ ಬರದಾನ ಓದ ಗಂಗೀ" ಅಂದಿದ್ದಳು. ಶಿವಗಂಗವ್ವ ಕಾಗದವನ್ನು ಹಿಂದೆ ಮುಂದೆ ತಿರುವಿದಳು. ಒಂದು ಶಬ್ದವೂ ಬಾಯಿಗೆ ಬರಲಿಲ್ಲ. ಬೆವರು ಬಂತು.

ಶಿವವ್ವ ಅವಳ ಮುಖ ನೋಡಿದಳು, ತಿಳಿದುಕೊಂಡಳು. "ಹಾಂಗೇನು! ನಿನ್ನ ಓದು ಆ ಪುಸ್ತಕ ಬಿಟ್ಟು ಹೊಸ್ತಿಲಾ ದಾಟೂದುಲ್ಲ ಅನ್ನು." ಕಾಗದವನ್ನು ಒಲೆಗೆ ಹಾಕಿದಳು. "ಹೋಗ್ಲಿ ಬಿಡು. ಬಂದಿದ್ರ ಕಾಲ್ಲೆ ಬರ್ತಿದ್ದ, ಕಾಗದದಾಗ ಬರ್ತಿದ್ದಿಲ್ಲ." ಆ ಗುಟ್ಟನ್ನು ಅವಳು ಯಾರಿಗೂ ಬಿಟ್ಟುಕೊಡಲಿಲ್ಲ. ಅಡಿವೆಯ್ಯ ತೀರಿದ ಮೇಲೆ ಇಬ್ಬರೂ ಒಂದೇ ಒಲೆಯ ಮುಂದೆ ಉಳಿದರು.

ಶಿವವ್ವನಿಗೆ ಒಂದಕ್ಷರ ಬಾರದು. ಆದರೆ ಕಿವಿ ಅಂಥಾದ್ದು. ಓದುವವಳು ಒಂದು ಮಾತು ನುಂಗಿದರೆ ಗೋಡೆಯ ಕಡೆಯಿಂದ ಕೆಮ್ಮುತ್ತಿದ್ದಳು. ಅವಳ ಸಂಧಿ ಹನ್ನೊಂದನೆಯದು. ಹೊಳೆ ತುಂಬಿರುತ್ತದೆ, ಅಂಬಿಗ ಇರುವುದಿಲ್ಲ. ದನಗಳೆಲ್ಲ ಈಸಿ ದಾಟುತ್ತವೆ, ಕುಂಟ ಆಕಳೊಂದು ಈ ದಡದಲ್ಲೇ ಉಳಿಯುತ್ತದೆ. ದನದವರು ಅದನ್ನು ಬಿಟ್ಟು ಹೋಗುತ್ತಾರೆ. ಅಜ್ಜ ಹೋಗುವುದಿಲ್ಲ. ಆಕಳಿನ ಕೊರಳಿಗೆ ಕೈ ಹಾಕಿ ಕೂತು ಒಂದು ಮಾತು ಹೇಳುತ್ತಾನೆ. ಆ ಮಾತು ಬಂದಾಗಲೆಲ್ಲ ಶಿವವ್ವ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದಳು.

"ನನ್ನ ಕೊನೀಕ ಇದನ್ನ ಓದಬೇಕ ನೋಡು ಗಂಗೀ. ಮತ್ತ್ಯಾವುದೂ ಬ್ಯಾಡ, ಮತ್ತ್ಯಾರೂ ಬ್ಯಾಡ."

"ಹೂಂ ಅಕ್ಕಾ, ಓದ್ತೇನಿ. ನೀ ಸಾಯಿ ಮೊದಲ" ಅನ್ನುತ್ತಿದ್ದಳು ಶಿವಗಂಗವ್ವ, ನಗುತ್ತ.

ಎರಡು ಸಾವಿರದ ಮೂರರ ಹೊತ್ತಿಗೆ ಪುಸ್ತಕ ತೀರಾ ಹಣ್ಣಾಗಿತ್ತು. ಹಾಳೆ ತಿರುವಿದರೆ ಅಂಚು ಪುಡಿಯಾಗಿ ಮಡಿಲಿಗೆ ಉದುರುತ್ತಿತ್ತು. ಊರವನೇ ಆದ ಉದಯಕುಮಾರ ಹಳಿಯಾಳದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ. ಅವನು ಒಂದು ಮಳೆಗಾಲ ಪೂರ್ತಿ ಮಠದಲ್ಲಿ ಕೂತು ಇಪ್ಪತ್ತೇಳೂ ಸಂಧಿಗಳನ್ನು ಒತ್ತಿ ಒತ್ತಿ ಕಂಪ್ಯೂಟರಿಗೆ ಇಳಿಸಿದ. ತನ್ನ ಕ್ಲಾಸಿನ ಹಳೆಯ ಯಂತ್ರವೊಂದನ್ನೇ ಮಠಕ್ಕೆ ಕೊಟ್ಟ. ಊರು ಅದನ್ನು ಬರಿಗೈಯಲ್ಲಿ ಬರಮಾಡಿಕೊಳ್ಳಲಿಲ್ಲ. ಪೆಟ್ಟಿಗೆಗೆ ವಿಭೂತಿ ಹಚ್ಚಿದರು, ಸೇವಂತಿಗೆ ಸರ ಹಾಕಿದರು, ಅಜ್ಜನ ಗದ್ದಿಗೆಯ ಬಗಲಿಗೆ ಪೀಠ ಮಾಡಿ ಕೂಡಿಸಿದರು.

ಆಗ ಸೋಮಪ್ಪ ಮಾತು ತೆಗೆದ. "ಹೊಸ ಮೂರ್ತಿ ಕೂಡಿಸಿದ ಮ್ಯಾಲೆ ಮುಕ್ಕಾದ ಹಳೇ ಮೂರ್ತಿ ಗುಡ್ಯಾಗ ಇಡಬಾರದು. ಹೊಳಿಗೆ ಬಿಡಬೇಕು. ಪುಸ್ತಕಕ್ಕೂ ಅದ ರೀತಿ."

ಉದಯಕುಮಾರನೇ ಗಾಬರಿಯಾದ. "ಅಯ್ಯ, ಹಂಗ ಮಾಡಬ್ಯಾಡ್ರಿ. ಯಂತ್ರ ಅಂದ್ರ ಇವತ್ತ ಇರ್ತೈತಿ, ನಾಳಿ ಕೆಡ್ತೈತಿ. ಪುಸ್ತಕ ಒಂದ ಕಡೆ ಇರಲಿ."

"ಕೆಡೂದನ್ನ ತಂದು ಗದ್ದಗಿ ಬಾಜೂಕ ಕೂಡಿಸಿದ್ಯೇನಪಾ ಹಂಗಾರ?" ಅಂದ ಸೋಮಪ್ಪ. ಆಮೇಲೆ ಶಿವಗಂಗವ್ವನ ಕಡೆ ತಿರುಗಿದ. "ಓದಾವ್ರು ಅಮ್ಮಾರು. ಅವರು ಹೂಂ ಅಂದ್ರ ಹೂಂ, ಉಹೂಂ ಅಂದ್ರ ಉಹೂಂ."

ಊರೆಲ್ಲ ಶಿವಗಂಗವ್ವನ ಮುಖ ನೋಡಿತು. ಹಿಂದೆ ಯಾರೂ ಅವಳನ್ನು ಹೀಗೆ ಕೇಳಿರಲಿಲ್ಲ. ತೊಡೆಯ ಮೇಲಿದ್ದ ಪುಸ್ತಕದ ಮೈಮೇಲೆ ಕೈಯಾಡಿಸಿದಳು. ಬೆನ್ನು ಮುರಿದಿತ್ತು, ದಾರ ಹೊರಗೆ ಬಂದಿತ್ತು. ಇನ್ನೆಷ್ಟು ದಿನ ಇದಕ್ಕೆ ಈ ತ್ರಾಸು ಅನ್ನಿಸಿತು. ಆ ಪೆಟ್ಟಿಗೆಯೊಳಗೆ ಪುಸ್ತಕ ಹೊಸ ಮೈ ತೊಟ್ಟು ಕೂತಿದೆ. ಅದೇ ಎಡ, ಅದೇ ಬಲ, ಅದೇ ಸಾಲು ಅದೇ ಜಾಗದಲ್ಲಿ. ತೆರೆದರೆ ತಾನು ಓದಬಲ್ಲೆ ಎಂದು ಅವಳು ನಂಬಿದ್ದಳು. ಪೆಟ್ಟಿಗೆಯ ಮುಂದೆ ಒಂದು ಸಲವಾದರೂ ಕೂತು ನೋಡಿರಲಿಲ್ಲ.

"ಕಳಿಸಿ ಕೊಡೂಣು" ಅಂದಳು.

ಮರುದಿನ ಟೆಂಪೋ ಮಾಡಿಕೊಂಡು ಮೌಳಂಗಿಗೆ ಹೋದರು. ಕಾಳಿ ಹೊಳೆ ತುಂಬು ಹರಿಯುತ್ತಿತ್ತು. ಓದಿದ ಕೈಯೇ ಬಿಡಬೇಕು ಎಂದು ಶಿವಗಂಗವ್ವ ಮೊಣಕಾಲು ನೀರಿಗಿಳಿದು, ಬಿಲ್ವಪತ್ರೆ ಇಟ್ಟು, ವಸ್ತ್ರ ಬಿಚ್ಚಿ ಪುಸ್ತಕವನ್ನು ನೀರಿಗಿಟ್ಟಳು. ಅದು ಮುಳುಗಲಿಲ್ಲ. ತೇಲಿತು, ತಾನೇ ತೆರೆದುಕೊಂಡಿತು, ಹಾಳೆಗಳು ಒಂದೊಂದಾಗಿ ನೀರು ಕುಡಿದು ಎದ್ದವು. ಪಕ್ಕದ ತೋಟಕ್ಕೆ ಬಂದಿದ್ದ ಪ್ಯಾಟೆಯ ಮಂದಿ ಫೋಟೋ ತೆಗೆದರು. ಕೊನೆಗೆ ಸೋಮಪ್ಪ ಒಂದು ಬಿದಿರು ಕೋಲಿನಿಂದ ನಡುನೀರಿಗೆ ದಬ್ಬಿದ.

ದಡದಲ್ಲಿ ಕೋಲೂರಿ ನಿಂತಿದ್ದ ಶಿವವ್ವ, "ಗಂಗೀ, ಆ ಡಬ್ಬ್ಯಾಗ ನಿನಗ ಓದಾಕ ಬರ್ತೈತೋ ಇಲ್ಲೋ?" ಎಂದು ಕೇಳಿದಳು, ಬೇರೆಯವರಿಗೆ ಕೇಳದ ಹಾಗೆ.

"ಅದ ಪುರಾಣ ಅಲ್ಲೇನಕ್ಕಾ? ಬರದ ಏನು?"

ಮುಂದಿನ ಶ್ರಾವಣದ ಮೊದಲ ದಿನ ಅವಳನ್ನು ಕುರ್ಚಿಯ ಮೇಲೆ ಕೂಡಿಸಿದರು. ಯಾವಾಗಲೂ ಪುರಾಣವನ್ನು ನೆಲದ ಮೇಲೆ ಕೂತು ಓದಿದವಳು, ಕಾಲು ತೂಗಾಡಿತು. ಎದುರಿಗೆ ಗಾಜು ಬೆಳಗಿತು. ಅದರ ತುಂಬ ಅಕ್ಷರ. ಎಡ ಹಾಳೆ ಇಲ್ಲ, ಬಲ ಹಾಳೆ ಇಲ್ಲ. ಎಣ್ಣೆಯ ಕಲೆ ಇಲ್ಲ, ಕುಂಕುಮ ಇಲ್ಲ, ಮಡಿಚಿದ ಮೂಲೆ ಇಲ್ಲ. ಉದಯಕುಮಾರ ಗುಂಡಿ ಒತ್ತಿದರೆ ಸಾಲುಗಳು ಇರುವೆಗಳ ಹಾಗೆ ಮೇಲಕ್ಕೆ ಹತ್ತಿ ಹೋಗುತ್ತಿದ್ದವು. ಹೋದ ಸಾಲು ಎಲ್ಲಿಗೆ ಹೋಯಿತು, ಬರುವ ಸಾಲು ಎಲ್ಲಿತ್ತು, ತಿಳಿಯಲಿಲ್ಲ. ಬೆರಳಿಟ್ಟು ನೋಡಿದಳು. ಗಾಜು ಚುರ್ ಅಂದಿತು, ರೋಮ ನಿಂತವು. "ಮುಟ್ಟಬ್ಯಾಡ್ರೀ ಅಮ್ಮಾರ, ಕಲಿ ಬೀಳ್ತೈತಿ" ಅಂದ ಉದಯಕುಮಾರ. ಎದುರಿಗೆ ಕೂತವರಿಗೆ ಅವಳ ಮುಖ ಕಾಣುತ್ತಿರಲಿಲ್ಲ, ಪೆಟ್ಟಿಗೆಯ ಬೆನ್ನು ಕಾಣುತ್ತಿತ್ತು. ಅದೊಂದೇ ಅವಳಿಗೆ ಆಸರೆಯಾಯಿತು.

"ಕಣ್ಣಾಗ ನೀರ ಬರಾಕತ್ತಾವು" ಅಂದಳು. ಸುಳ್ಳೇನೂ ಅಲ್ಲ.

ಆವತ್ತಿನಿಂದ ಉದಯಕುಮಾರ ಓದಿದ. ತಪ್ಪಿಲ್ಲದೆ ಓದುತ್ತಿದ್ದ. ಎಲ್ಲಿ ನಿಲ್ಲಬೇಕು ಎಂಬುದೊಂದು ಅವನಿಗೆ ಗೊತ್ತಿರಲಿಲ್ಲ. ಜನ ಹರ ಹರ ಅನ್ನಲು ಬಾಯಿ ತೆರೆಯುವುದರೊಳಗೆ ಮುಂದಿನ ಸಾಲಿಗೆ ಹೋಗಿರುತ್ತಿದ್ದ. ಮನೆಗೆ ಬರುವಾಗ ಶಿವವ್ವ ಬೈದಳು. "ಇಂವಾ ಓದೂದ ಕೇಳಿದ್ರ ರೇಶನ್ ಅಂಗಡ್ಯಾಗ ಹೆಸರ ಕರದಂಗ ಆಕ್ಕೈತಿ. ನನಗ ನೀನ ಓದಬೇಕು. ಮಾತ ಕೊಟ್ಟಿ, ಮರೀಬ್ಯಾಡ."

ಶಿವಗಂಗವ್ವ ಹೂಂ ಅಂದಳು. ಪುಸ್ತಕ ಹೋದರೇನು, ನಲವತ್ತು ವರ್ಷದ ಪುರಾಣ ತಲೆಯಲ್ಲಿ ಇರಲೇಬೇಕಲ್ಲ. ಒಮ್ಮೊಮ್ಮೆ ರೊಟ್ಟಿ ಬಡಿಯುವಾಗ ಹನ್ನೊಂದನೇ ಸಂಧಿಯನ್ನು ಬಾಯಿಪಾಠ ಹೇಳಲು ನೋಡುತ್ತಿದ್ದಳು. ನಾಲ್ಕು ಸಾಲು ಓಡುತ್ತಿತ್ತು. ಆಮೇಲೆ ಕೈ ತಾನೇ ಮೇಲೆದ್ದು ಇಲ್ಲದ ಹಾಳೆಯನ್ನು ತಿರುವಲು ಹೋಗುತ್ತಿತ್ತು, ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಎರಡು ಸಾವಿರದ ಐದರ ಸಂಕ್ರಾಂತಿ ಮುಗಿಯುತ್ತಿದ್ದಂತೆ ಶಿವವ್ವನ ಮೈ ಬಾತಿತು. ಹಳಿಯಾಳದ ಡಾಕ್ಟರು ನೋಡಿ, ಮನೆಗೇ ಕರೆದೊಯ್ಯಿರಿ ಅಂದರು. ಮೂರನೇ ದಿನ ಮುಂಜಾನೆ ಅವಳು ಗಂಜಿಯನ್ನು ತಳ್ಳಿ, "ಗಂಗೀ, ಇವತ್ತ ಓದು" ಅಂದಳು.

ನೆರೆಮನೆಯ ಕಾಶೆವ್ವ ಓಡಿಹೋಗಿ ಉದಯಕುಮಾರನಿಗೆ ಹೇಳಿಕಳಿಸಿದಳು. ಆ ಪೆಟ್ಟಿಗೆಯನ್ನು ಮನೆಗೆ ಹೊತ್ತು ತರುವಂತಿರಲಿಲ್ಲ. ಹೊತ್ತು ತಂದರೂ ಊರಲ್ಲಿ ಎರಡು ದಿನದಿಂದ ಕರೆಂಟಿಲ್ಲ. ಅವನು ಬುದ್ಧಿವಂತ, ಹಳಿಯಾಳದಲ್ಲೇ ತನ್ನ ಕ್ಲಾಸಿನಲ್ಲಿ ಹನ್ನೊಂದನೇ ಸಂಧಿಯನ್ನು ಕಾಗದಕ್ಕೆ ಹೊಡೆದುಕೊಂಡು ಮೋಟರ್ ಸೈಕಲ್ ಮೇಲೆ ಬಂದ. ಹನ್ನೆರಡು ಹೊಡೆಯುವ ಹೊತ್ತಿಗೆ ಪಡಸಾಲೆಯ ತುಂಬ ಜನ ಕೂತಿದ್ದರು.

"ತಗೋರ್ರಿ ಅಮ್ಮಾರ. ಅಕ್ಷರ ದೊಡ್ಡೂ ಮಾಡೇನಿ, ಕಣ್ಣಿಗೆ ತ್ರಾಸ ಆಗೂದುಲ್ಲ."

ಐದು ಹಾಳೆ. ಬೆಳ್ಳಗೆ, ಕಲೆಯಿಲ್ಲದೆ, ಅಂಗಿಯೊಳಗಿಟ್ಟು ತಂದದ್ದಕ್ಕೆ ಬೆಚ್ಚಗಿದ್ದವು. ಶಿವಗಂಗವ್ವ ಮೇಲಿನದನ್ನು ನೋಡಿದಳು. ದಪ್ಪ ಕರಿ ಅಕ್ಷರಗಳು ಒಂದೇ ಸಮ ಸಾಲು ಹಿಡಿದು ನಿಂತಿದ್ದವು. ಸಾಲುಗಳು ಬೇರೆ ಕಡೆ ಮುರಿದಿದ್ದವು. ಎಲ್ಲಿ ಕೈ ಹಿಡಿದು ಒಳಗೆ ಹೋಗಬೇಕು ತಿಳಿಯಲಿಲ್ಲ. ಹಳೆಯ ಬೆವರು ಮತ್ತೆ ಬಂತು.

ಆಗ ಒಂದು ಮಾತು ಅಂದಿದ್ದರೆ ಆಗುತ್ತಿತ್ತು. "ನನಗ ಬರೂದುಲ್ಲಪಾ, ನೀ ಓದು" ಅಂದಿದ್ದರೆ ಉದಯಕುಮಾರ ಅಲ್ಲೇ ಕೂತು ಓದುತ್ತಿದ್ದ, ನಿಲ್ಲಬೇಕಾದಲ್ಲಿ ನಿಲ್ಲದೆಯೇ ಇರಲಿ. ಆದರೆ ಪಡಸಾಲೆಯಲ್ಲಿ ಸೋಮಪ್ಪ ಇದ್ದ. ಕಾಶೆವ್ವ ಇದ್ದಳು. ಹದಿನಾಲ್ಕು ವರ್ಷ ತನ್ನನ್ನು ಪುರಾಣದ ಅಮ್ಮಾರು ಎಂದು ಕರೆದವರೆಲ್ಲ ಇದ್ದರು. ಓದಲು ಬಾರದವಳೇ ಪುಸ್ತಕವನ್ನು ಹೊಳೆಗೆ ಬಿಡಲು ಹೂಂ ಅಂದಳು ಎನ್ನುವುದು ಊರಿಗೆ ತಿಳಿಯುತ್ತಿತ್ತು. ಅವಳು ಹಾಳೆಗಳನ್ನು ತೊಡೆಯ ಮೇಲಿಟ್ಟು, ಸಾಲಿನ ಕೆಳಗೆ ಬೆರಳಿಟ್ಟು, ದನಿ ತೆಗೆದಳು.

"ಹೊಳೆ ತುಂಬಿತ್ತು, ಅಂಬಿಗನಿರಲಿಲ್ಲ..."

ಶಿವವ್ವನ ಮುಖ ಹಗುರಾಯಿತು. ಕಣ್ಣು ಮುಚ್ಚಿದಳು. ದನಗಳು ಬಂದವು, ದಡದಲ್ಲಿ ಸಾಲಾಗಿ ನಿಂತವು. ಕುಂಟ ಆಕಳು ಹಿಂದೆ ಬಂತು. ದನದವರು ಅದರ ಕೊರಳಿನ ಗಂಟೆ ಬಿಚ್ಚಿಕೊಂಡು ನೀರಿಗಿಳಿದರು. ಅಲ್ಲಿಗೆ ಹಾಳೆ ತಿರುವಬೇಕಿತ್ತು, ತಿರುವಿದರೆ ಬಲಗಡೆ ಮೇಲಿನ ಸಾಲಿಗೆ ಅಜ್ಜನ ಮಾತು. ಶಿವಗಂಗವ್ವನ ಬೆರಳು ಬಿಳಿ ಕಾಗದದ ಮೇಲೆ ಸುಮ್ಮನೆ ಸರಿಯುತ್ತಿತ್ತು. ಮುಂದಿನ ಮಾತು ಬರಲಿಲ್ಲ. ಬಾಯಿ ನಿಲ್ಲಬಾರದು ಎಂದು ಮತ್ತೆ ಮೊದಲಿನ ಮಾತಿಗೇ ಬಂದಳು: ಹೊಳೆ ತುಂಬಿತ್ತು, ಅಂಬಿಗನಿರಲಿಲ್ಲ.

ಪುರಾಣದಲ್ಲಿ ಅದೇ ಮಾತಿನಿಂದ ಸುರುವಾಗುವ ಇನ್ನೊಂದು ಸಂಧಿಯಿದೆ, ಹತ್ತೊಂಬತ್ತನೆಯದು. ಚಿಕ್ಕದು, ಹಾಳೆ ತಿರುವದೆಯೇ ಮುಗಿಯುವಂಥದ್ದು. ಅದರಲ್ಲಿ ವ್ಯಾಪಾರಿಗಳು ಬರುತ್ತಾರೆ, ಎತ್ತುಗಳು ಬರುತ್ತವೆ, ಅಜ್ಜ ಕಂಬಳಿ ಹಾಸುತ್ತಾನೆ, ಎಲ್ಲರೂ ದಾಟುತ್ತಾರೆ, ಮಂಗಳ ಹಾಡುತ್ತಾರೆ. ನಾಲಿಗೆ ಆ ದಾರಿ ಹಿಡಿಯಿತು. ತಪ್ಪಿದ್ದು ಗೊತ್ತಾಗುವಷ್ಟರಲ್ಲಿ ಅರ್ಧ ಹೊಳೆ ದಾಟಿಯಾಗಿತ್ತು. ಹಿಂದೆ ತಿರುಗಲು ದಾರಿ ಗೊತ್ತಿರಲಿಲ್ಲ.

ಹಾಸಿಗೆಯಿಂದ ಒಂದು ಕೆಮ್ಮು ಬಂತು. ಹಳೆಯ ಕೆಮ್ಮೇ. ಮತ್ತೊಂದು. ಶಿವವ್ವ ಕಣ್ಣು ತೆರೆದಿದ್ದಳು.

"ಆಕಳಾ..." ಅಂದಳು. "ಗಂಗೀ... ಆಕಳ ಎಲ್ಲಿ ಹೋತು?"

"ಸುಮ್ನ ಕೇಳಬೇ ಯವ್ವಾ, ದಣೀಬ್ಯಾಡ" ಅಂದಳು ಕಾಶೆವ್ವ, ಅವಳ ಕೈ ಹಿಡಿದು.

"ಆಕಳಾ..."

ಶಿವಗಂಗವ್ವ ದನಿ ಏರಿಸಿದಳು. ವ್ಯಾಪಾರಿಗಳನ್ನು ದಾಟಿಸಿದಳು. ಎತ್ತುಗಳನ್ನು ದಾಟಿಸಿದಳು. ಶಿವವ್ವ ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತಿದ್ದಳು, ಕೈಯಿಂದ ಹಾಸಿಗೆಯ ಅಂಚನ್ನು ತಡಕುತ್ತಿದ್ದಳು. ಮಂಗಳ ಇನ್ನೂ ನಾಲ್ಕು ಸಾಲು ಇರುವಾಗ ಆ ಕೈ ನಿಂತಿತು. ರೂಢಿಯಂತೆ ಶಿವಗಂಗವ್ವ ಉಳಿದ ನಾಲ್ಕು ಸಾಲನ್ನೂ ಹೇಳಿ ಮುಗಿಸಿದಳು. ಎಲ್ಲರೂ ಹರ ಹರ ಅಂದರು.

"ಎಷ್ಟ ಚೆಂದ ಓದಿದ್ರಿ ಅಮ್ಮಾರ" ಅಂದಳು ಕಾಶೆವ್ವ ಕಣ್ಣೊರೆಸಿಕೊಳ್ಳುತ್ತ. "ಪುಣ್ಯಾ ಮಾಡಿದ್ಲು ಶಿವವ್ವ, ಕೇಳಕೋತ ಹೋದ್ಲು."

ಸೋಮಪ್ಪ ತಲೆದೂಗಿದ. ಶಿವವ್ವನನ್ನು ಗೋಡೆಗೆ ಆನಿಸಿ ಕೂಡಿಸಿ ವಿಭೂತಿ ಹಚ್ಚಿದರು. ಹೊತ್ತು ಇಳಿಯುವ ಮೊದಲು ಮಠದ ಹಿಂದಿನ ಜಾಗದಲ್ಲಿ ಮಣ್ಣು ಮಾಡಿದರು.

ಮೂರನೇ ದಿನ ಉದಯಕುಮಾರ ಬಂದು ಕಟ್ಟೆಯ ಮೇಲೆ ಕೂತ. ಟೋಪಿಯನ್ನು ಕೈಯಲ್ಲಿ ತಿರುವುತ್ತಿದ್ದ.

"ಅಮ್ಮಾರ, ನಾ ನಿಮ್ಮ ಹಿಂದ ನಿಂತಿದ್ನಿರಿ ಅವತ್ತ."

"ಹೂಂ."

"ಐದು ಹಾಳಿ ಇದ್ದೂರಿ. ನೀವು ಒಂದೂ ತಿರುವಲಿಲ್ಲ."

ಶಿವಗಂಗವ್ವ ಜೋಳ ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಟ್ಟಳು. "ಯಾರ ಮುಂದರೆ ಹೇಳೀಯೇನು?"

"ಇಲ್ಲರಿ. ಹೇಳಾವಲ್ಲ. ನಿಮಗ ಬೇಕಂದ್ರ ನಾ ಅಕ್ಷರ ಕಲಸ್ತೇನಿ. ದಿನಾ ಸಂಜಿಮುಂದ ಒಂದ ತಾಸು..."

"ಕಲತ ಯಾರಿಗೆ ಓದ್ಲೋ?"

"ಹನ್ನೊಂದನೇದನ್ನ ಒಂದ ಸಲ ನಾನರೆ ಓದ್ಲೇನ್ರಿ, ನೀವು ಕೇಳ್ರಿ" ಅಂದ.

"ಕೇಳಾಕಿ ಹೋದ್ಲಲ್ಲ" ಅಂದಳು. ಮೊರವನ್ನು ಮತ್ತೆ ಎತ್ತಿಕೊಂಡಳು. ಅವನು ಹೊರಟು ಹೋದ.

ಆ ವರ್ಷದ ಶ್ರಾವಣದಲ್ಲಿ ಅವಳು ದಿನಾ ಮಠಕ್ಕೆ ಹೋಗಿ, ಶಿವವ್ವ ಕೂರುತ್ತಿದ್ದ ಗೋಡೆಯ ಕಡೆಗೆ ಹೋಗದೆ, ಬಾಗಿಲ ಹತ್ತಿರ ಕೂತು ಬಂದಳು. ಹನ್ನೊಂದನೇ ದಿನ ಮೈ ಸರಿಯಿಲ್ಲ ಎಂದು ಮನೆಯಲ್ಲೇ ಉಳಿದಳು. ದೀಪ ಹಚ್ಚುವ ಹೊತ್ತಿಗೆ ಬಾಗಿಲು ಹಾಕಿ, ಬೆಳ್ಳುಳ್ಳಿ ಬಿಡಿಸುತ್ತ ಕೂತಳು. ಆ ವರ್ಷ ಮಠದ ಮೇಲೆ ಹೊಸದಾಗಿ ಧ್ವನಿವರ್ಧಕ ಕಟ್ಟಿದ್ದರು. ಅದರ ಬಾಯಿ ಅವಳ ಓಣಿಯ ಕಡೆಗೇ ಇತ್ತು. ಕಿಟಕಿ ಮುಚ್ಚಿದಳು, ಆದರೂ ಕೇಳಿತು. ಹೊಳೆ ತುಂಬಿತ್ತು. ದನಗಳು ಬಂದವು. ಗಂಟೆ ಬಿಚ್ಚಿಕೊಂಡರು. ಉದಯಕುಮಾರ ಯಾವತ್ತಿನಂತೆ ಎಲ್ಲೂ ನಿಲ್ಲದೆ, ಹೆಸರು ಕೂಗಿದ ಹಾಗೆ ಓದಿಕೊಂಡು ಬಂದ:

"ಕೈಬಿಟ್ಟು ಹೋದವರ ಕಡೆ ನೋಡಬೇಡ ತಾಯಿ, ದಡವು ದಾಟಿದವರಿಗೆ ಮಾತ್ರವಲ್ಲ, ನಿಂತವರಿಗೂ ಉಂಟು, ನಾನು ನಿನ್ನ ಸಂಗಡ ಇಲ್ಲೇ ಇದ್ದೇನೆ."

ಅದೇ ಮಾತು. ಒಂದಕ್ಷರವೂ ತಪ್ಪಿರಲಿಲ್ಲ.